ಸುದ್ದಿಗಳ ನಡುವೆ ಸಮಚಿತ್ತ: ಬೌದ್ಧರ ‘ಸತಿ’ (ಜಾಗೃತ ಅರಿವು) ಅಭ್ಯಾಸ ಏನು ಹೇಳುತ್ತದೆ?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನನ್ನ ತಮ್ಮ ದೋಹಾದಲ್ಲಿ ಕೆಲಸದಲ್ಲಿದ್ದಾನೆ. ಪಶ್ಚಿಮ ಏಷ್ಯಾದಲ್ಲಿ ಯುದ್ಧದ ಮಾತು ಎದ್ದಾಗಿನಿಂದ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೈ ಫೋನಿಗೆ ಹೋಗುತ್ತದೆ. ರಾತ್ರಿ ಮಲಗಿದ ಮೇಲೂ ಸುದ್ದಿ ನೋಡುತ್ತಲೇ ಇರುತ್ತೇನೆ. ಮನೆಯಲ್ಲಿ ಮಾವನವರು ದಿನವಿಡೀ ನ್ಯೂಸ್ ಚಾನೆಲ್ ಹಾಕಿರುತ್ತಾರೆ. ಸಿಟ್ಟು, ಭಯ, ಅಳು ಎಲ್ಲವೂ ಹೆಚ್ಚಾಗಿವೆ. ಬೌದ್ಧ ಧ್ಯಾನದಿಂದ ಪ್ರಯೋಜನವಾದೀತೆಂದು ಗೆಳತಿಯೊಬ್ಬಳು ಹೇಳಿದಳು. ಆದರೆ ಜಗತ್ತು ಹೊತ್ತಿ ಉರಿಯುತ್ತಿರುವಾಗ ಕಣ್ಣು ಮುಚ್ಚಿ ಕೂರುವುದು ಪಲಾಯನವಲ್ಲವೇ? ಸುದ್ದಿ ನೋಡುವುದನ್ನೇ ಬಿಟ್ಟುಬಿಡಬೇಕೇ?

ಉತ್ತರ: ಪಲಾಯನವಲ್ಲವೇ ಎಂಬ ನಿಮ್ಮ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಇತ್ಯರ್ಥವಾಗದೆ ನೀವು ಯಾವ ಅಭ್ಯಾಸಕ್ಕೆ ಕೂತರೂ, ಏನೋ ತಪ್ಪು ಮಾಡುತ್ತಿದ್ದೇನೆಂಬ ಅಳುಕು ಮನಸ್ಸಿನ ಮೂಲೆಯಲ್ಲಿ ಉಳಿದೇ ಇರುತ್ತದೆ.

ಬುದ್ಧನ ಕಾಲದಲ್ಲಿಯೂ ಯುದ್ಧದ ಸುದ್ದಿಗಳಿದ್ದವು, ಅವು ಬುದ್ಧನ ಕಿವಿಗೂ ಬೀಳುತ್ತಿದ್ದವು. ಬೌದ್ಧರ ಧರ್ಮಗ್ರಂಥವಾದ ತ್ರಿಪಿಟಕದ ಸಂಯುತ್ತ ನಿಕಾಯದಲ್ಲಿ ಒಂದು ಪ್ರಸಂಗವಿದೆ. ಮಗಧದ ಅಜಾತಶತ್ರು ಚತುರಂಗ ಸೇನೆಯೊಡನೆ ಕಾಶಿಯ ಕಡೆಗೆ ನುಗ್ಗುತ್ತಾನೆ. ಕೋಸಲದ ಪ್ರಸೇನಜಿತ್ ಅವನನ್ನು ಎದುರಿಸಿ, ಸೋತು, ಶ್ರಾವಸ್ತಿಗೆ ಹಿಂದಿರುಗುತ್ತಾನೆ. ಭಿಕ್ಷೆಗೆಂದು ಪಟ್ಟಣಕ್ಕೆ ಹೋದ ಭಿಕ್ಷುಗಳು ಈ ಸುದ್ದಿಯನ್ನು ಕೇಳಿಕೊಂಡು ಬಂದು ಬುದ್ಧನಿಗೆ ತಿಳಿಸುತ್ತಾರೆ. ಇಂಥ ಲೌಕಿಕ ವಾರ್ತೆ ನಮಗೇಕೆ ಎಂದು ಆತ ಗದರಿಸುವುದಿಲ್ಲ. ಅಜಾತಶತ್ರುವಿನ ಸುತ್ತ ಇರುವ ಗೆಳೆಯರು ಕೆಟ್ಟವರು ಎನ್ನುತ್ತಾನೆ. ಸೋತ ಪ್ರಸೇನಜಿತ್ ಈ ರಾತ್ರಿ ದುಃಖದಲ್ಲೇ ಮಲಗುತ್ತಾನೆ ಎನ್ನುತ್ತಾನೆ. ಗೆಲುವು ಹಗೆಯನ್ನು ಹೆರುತ್ತದೆ, ಸೋತವನಿಗೆ ನಿದ್ದೆ ಹತ್ತುವುದಿಲ್ಲ, ಗೆಲುವು ಸೋಲು ಎರಡನ್ನೂ ಬಿಟ್ಟವನು ಸುಖವಾಗಿ ಮಲಗುತ್ತಾನೆ ಎಂಬ ಗಾಥೆಯನ್ನು ಹೇಳುತ್ತಾನೆ. ಮುಂದೆ ಇನ್ನೊಂದು ಯುದ್ಧವಾಗಿ, ಪ್ರಸೇನಜಿತ್ ಗೆದ್ದು, ಸೋದರಳಿಯನೇ ಆದ ಅಜಾತಶತ್ರುವನ್ನು ಜೀವಸಹಿತ ಹಿಡಿದು, ಅವನ ಸೇನೆಯನ್ನೆಲ್ಲ ಕಸಿದುಕೊಂಡು ಬಿಟ್ಟುಕಳುಹಿಸಿದ ಸುದ್ದಿಯೂ ಹೀಗೆಯೇ ಬರುತ್ತದೆ. ಸುಲಿದವನು ಸುಲಿಗೆಗೆ ಒಳಗಾಗುತ್ತಾನೆ ಎಂದು ಬುದ್ಧ ಅದರ ಹಿಂದಿನ ಕರ್ಮದ ಚಕ್ರವನ್ನು ತೋರಿಸುತ್ತಾನೆ.

ಅದೇ ತ್ರಿಪಿಟಕದ ಅಂಗುತ್ತರ ನಿಕಾಯದಲ್ಲಿ ಇದಕ್ಕೆ ವಿರುದ್ಧವೆಂದು ತೋರುವ ಇನ್ನೊಂದು ಪ್ರಸಂಗವಿದೆ. ಜೇತವನದ ಸಭಾಶಾಲೆಯಲ್ಲಿ ಊಟವಾದ ಮೇಲೆ ಭಿಕ್ಷುಗಳು ಗುಂಪು ಕೂಡಿ ರಾಜರು, ಕಳ್ಳರು, ಮಂತ್ರಿಗಳು, ಸೇನೆ, ಭಯ, ಯುದ್ಧ ಎಂದು ಹರಟುತ್ತಿರುವಾಗ ಬುದ್ಧ ಬಂದು, ಇದು ನಿಮಗೆ ತಕ್ಕ ಮಾತಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾನೆ. ಎರಡೂ ಕಡೆ ವಿಷಯ ಒಂದೇ: ರಾಜರು ಮತ್ತು ಯುದ್ಧ. ಮೊದಲನೆಯ ಕಡೆ ಸುದ್ದಿ ಕೇಳಿದ ಮನಸ್ಸು ಅದರ ಕಾರಣವನ್ನೂ ಪರಿಣಾಮವನ್ನೂ ನೋಡಿತು, ಸೋತವನ ನಿದ್ದೆಗೆಟ್ಟ ರಾತ್ರಿಯನ್ನು ನೆನೆಯಿತು, ಅಲ್ಲಿಗೆ ನಿಂತಿತು. ಎರಡನೆಯ ಕಡೆ ಮಾತಿನಿಂದ ಮಾತು ಹುಟ್ಟಿ, ಕೇಳುವವರೂ ಹೇಳುವವರೂ ಅದರಲ್ಲೇ ಕಳೆದುಹೋದರು. ನಾನು ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ಓದುತ್ತೇನೆ, ಹಾಗಾಗಿ ಸುದ್ದಿಯನ್ನು ಬಿಡಿ ಎಂದು ನಿಮಗೆ ಹೇಳಲಾರೆ. ಸುದ್ದಿ ನೋಡುವ ಹೊತ್ತಿನಲ್ಲೇ, ನಾನೀಗ ಈ ಎರಡರಲ್ಲಿ ಯಾವ ಕಡೆ ಇದ್ದೇನೆ ಎಂಬುದು ನಿಮಗೆ ಗೊತ್ತಿರಬೇಕು ಎನ್ನುತ್ತೇನೆ. ಹಾಗೆ ಗೊತ್ತಿರುವುದೇ ಸತಿ. ಕಣ್ಣು ಮುಚ್ಚಿ ಕೂರುವುದು ಅದಕ್ಕೆ ಬೇಕಾದ ತಾಲೀಮು ಮಾತ್ರ.

ಈಗ ನಿಮ್ಮ ರಾತ್ರಿಯ ಹೊತ್ತನ್ನೇ ಹತ್ತಿರದಿಂದ ನೋಡೋಣ. ದೀಪ ಆರಿದೆ, ಫೋನಿನ ಬೆಳಕು ಮುಖದ ಮೇಲಿದೆ. ಕೆಂಪು ಪಟ್ಟಿಯಲ್ಲಿ ‘ಬ್ರೇಕಿಂಗ್ ನ್ಯೂಸ್’ ಎಂದಿದೆ, ಕೆಳಗೆ ಕ್ಷಿಪಣಿಯ ಚಿತ್ರವಿದೆ. ಅಕ್ಷರ ಕಣ್ಣಿಗೆ ಬಿದ್ದ ಕ್ಷಣದಲ್ಲೇ ಎದೆಯ ಕೆಳಗೆ ಏನೋ ಬಿಗಿಯುತ್ತದೆ, ಉಸಿರು ಅರ್ಧಕ್ಕೆ ನಿಲ್ಲುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಇದೆಲ್ಲ ಗಮನಕ್ಕೆ ಬರುವ ಮೊದಲೇ ಹೆಬ್ಬೆರಳು ಪರದೆಯನ್ನು ಮೇಲಕ್ಕೆ ತಳ್ಳಿರುತ್ತದೆ. ಮುಂದೆ ಯಾವುದೋ ಊರಿನ ಅಪಘಾತದ ಸಿಸಿಟಿವಿ ದೃಶ್ಯ, ಅದರ ಮುಂದೆ ರಾಜಕಾರಣಿಯೊಬ್ಬರ ಬೈಗುಳ, ಅದರ ಮುಂದೆ ಮತ್ತೆ ಕ್ಷಿಪಣಿ. ಈ ಹೊತ್ತಿನಲ್ಲಿ ಹೆಬ್ಬೆರಳು ಹುಡುಕುತ್ತಿರುವುದು ಮಾಹಿತಿಯನ್ನಲ್ಲ. ಎದೆಯ ಆ ಬಿಗಿತ ಹೋಗಲಿ ಎಂದು ಅದು ಹುಡುಕುತ್ತಿದೆ, ಮತ್ತು ಪ್ರತಿ ಸಲವೂ ಅದಕ್ಕೆ ಸಿಗುವುದು ಹೊಸದೊಂದು ಬಿಗಿತ.

ಬುದ್ಧ ಹೇಳಿದ ಪ್ರತೀತ್ಯ ಸಮುತ್ಪಾದದ, ಅಂದರೆ ಒಂದರಿಂದ ಇನ್ನೊಂದು ಹುಟ್ಟುವ ಸರಪಳಿಯ, ಹನ್ನೆರಡು ಕೊಂಡಿಗಳಲ್ಲಿ ನಾಲ್ಕು ಇಲ್ಲಿ ಕಣ್ಣೆದುರೇ ಇವೆ. ಕಣ್ಣಿಗೆ ಚಿತ್ರ ಬೀಳುವುದು ಸ್ಪರ್ಶ. ಅದರಿಂದ ಹಿತ, ಅಹಿತ ಅಥವಾ ಎರಡೂ ಅಲ್ಲದ ಅನುಭವವೊಂದು ಏಳುತ್ತದೆ. ಈ ಮೂರು ಬಗೆಗೂ ವೇದನಾ ಎಂದು ಹೆಸರು. ವೇದನೆಯಿಂದ ಬೇಕು ಅಥವಾ ಬೇಡ ಎಂಬ ತೃಷ್ಣೆ, ತೃಷ್ಣೆಯಿಂದ ಅಂಟಿಕೊಳ್ಳುವಿಕೆ. ಸ್ಪರ್ಶವನ್ನು ನಾವು ಪೂರ್ತಿಯಾಗಿ ತಡೆಯಲಾರೆವು, ವೇದನೆಯನ್ನಂತೂ ತಡೆಯಲಾಗದು. ಪೂರ್ಣ ಮುಕ್ತಿ ಪಡೆದ ಅರ್ಹಂತನಿಗೂ ನೋವು ನೋವಾಗಿಯೇ ಅನುಭವಕ್ಕೆ ಬರುತ್ತದೆ. ಆದರೆ ವೇದನೆಗೂ ತೃಷ್ಣೆಗೂ ನಡುವೆ ಒಂದು ಕಿರಿದಾದ ಸಂದಿಯಿದೆ. ನಿಮ್ಮ ಎಲ್ಲ ಅಭ್ಯಾಸವೂ ಆ ಸಂದಿಯಲ್ಲಿಯೇ ನಡೆಯಬೇಕು. ಎದೆ ಬಿಗಿಯಿತು, ಹೆಬ್ಬೆರಳು ಇನ್ನೂ ಚಲಿಸಿಲ್ಲ: ಆ ಕ್ಷಣವನ್ನು ಹಿಡಿಯುವುದನ್ನು ಕಲಿಯಿರಿ.

ಹಾಗೆ ಹಿಡಿಯಲು ದೇಹದಿಂದಲೇ ಆರಂಭಿಸಬೇಕು. ಸತಿಪಟ್ಠಾನ ಸುತ್ತ ಎಂಬ ಉಪದೇಶದಲ್ಲಿ (ಪಾಲಿಯಲ್ಲಿ ಸೂತ್ರಕ್ಕೆ ಸುತ್ತ ಎನ್ನುತ್ತಾರೆ) ಕಾಯ, ವೇದನಾ, ಚಿತ್ತ, ಧಮ್ಮ ಎಂಬ ನಾಲ್ಕು ನೆಲೆಗಳಲ್ಲಿ ಕಾಯವೇ ಮೊದಲು ಬರುತ್ತದೆ, ಮತ್ತು ಕಾಯದಲ್ಲಿ ಉಸಿರೇ ಮೊದಲು. ಫೋನ್ ಕೈಗೆತ್ತಿಕೊಳ್ಳುವ ಮೊದಲು ನೆಲದ ಮೇಲೆ ಎರಡೂ ಪಾದಗಳನ್ನು ಊರಿ ಕೂತು, ಮೂರು ಉಸಿರು ಪೂರ್ತಿಯಾಗಿ ಒಳಗೆ ಬಂದು ಹೊರಗೆ ಹೋಗುವುದನ್ನು ಗಮನಿಸಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ನನಗೆ ಈಗ ತಿಳಿಯಬೇಕಾಗಿರುವುದು ಏನು? ದೋಹಾದ ವಿಮಾನಗಳು ಓಡಾಡುತ್ತಿವೆಯೇ ಎಂಬುದು ಒಂದು ಪ್ರಶ್ನೆ. ಅದಕ್ಕೆ ಉತ್ತರ ಸಿಗುತ್ತದೆ, ಸಿಕ್ಕ ಮೇಲೆ ನೋಡುವುದು ಮುಗಿಯುತ್ತದೆ. ‘ಏನಾಗುತ್ತದೋ’ ಎಂಬುದು ಪ್ರಶ್ನೆಯ ವೇಷದಲ್ಲಿರುವ ಭಯ. ಯಾವ ಚಾನೆಲ್ಲೂ ಅದಕ್ಕೆ ಉತ್ತರ ಕೊಡಲಾರದು. ಓದುವಾಗ ಎದೆ ಬಿಗಿದರೆ ಅಲ್ಲೇ ನಿಂತು, ಮನಸ್ಸಿನಲ್ಲಿ ‘ಅಹಿತ’ ಎಂದಷ್ಟೇ ಗುರುತಿಸಿ, ಒಂದು ಉಸಿರು ಬಿಟ್ಟು ಮುಂದೆ ಓದಿ. ಬಿಗಿತವನ್ನು ಓಡಿಸಬೇಕಾಗಿಲ್ಲ. ಎದುರಾಳಿ ಪಕ್ಷದವರು ಮುಖಭಂಗಕ್ಕೊಳಗಾದ ಸುದ್ದಿ ಓದಿ ಒಳಗೊಳಗೇ ಖುಷಿಯಾದರೆ ಅದನ್ನೂ ‘ಹಿತ’ ಎಂದು ಗುರುತಿಸಿ. ಸುದ್ದಿಯ ಚಟಕ್ಕೆ ಭಯದಷ್ಟೇ ಈ ಖುಷಿಯೂ ಕಾರಣ, ಅದು ಅಷ್ಟಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ದಿನಕ್ಕೆ ಎರಡು ಹೊತ್ತು ಸಾಕು. ಸಾಧ್ಯವಾದರೆ ಅದರಲ್ಲಿ ಒಂದು ಹೊತ್ತು ಮುದ್ರಿತ ಪತ್ರಿಕೆಯಾಗಿರಲಿ, ಏಕೆಂದರೆ ಪತ್ರಿಕೆಗೆ ಕೊನೆಯ ಪುಟವೊಂದಿದೆ. ಹೆಚ್ಚು ನೋಡಿದರೆ ಹೆಚ್ಚು ಸಿದ್ಧರಾಗಿರುತ್ತೇವೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 2013ರ ಏಪ್ರಿಲ್‌ನಲ್ಲಿ ಬೋಸ್ಟನ್ ಮ್ಯಾರಥಾನ್ ಓಟದ ವೇಳೆ ಬಾಂಬ್ ಸ್ಫೋಟಿಸಿದ ಬಳಿಕ ಅಮೆರಿಕದ ಸಂಶೋಧಕರು ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನ ಈ ನಂಬಿಕೆಗೆ ವಿರುದ್ಧವಾದುದನ್ನು ಕಂಡಿತು: ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಆ ಸುದ್ದಿಯಲ್ಲಿ ಮುಳುಗಿದ್ದವರಲ್ಲಿ, ಸ್ಫೋಟದ ಸ್ಥಳದಲ್ಲಿಯೋ ಅದರ ಸಮೀಪದಲ್ಲಿಯೋ ಇದ್ದವರಿಗಿಂತಲೂ ಹೆಚ್ಚಿನ ಒತ್ತಡದ ಲಕ್ಷಣಗಳಿದ್ದವು. ನಿಮ್ಮ ತಮ್ಮ ದೋಹಾದಲ್ಲಿ ಡ್ಯೂಟಿ ಮುಗಿಸಿ ಮಲಗಿ ನಿದ್ದೆ ಹೋಗಿರುವಾಗ ನೀವು ಉಡುಪಿಯಲ್ಲಿ ಎಚ್ಚರವಾಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಜ್ಝಿಮ ನಿಕಾಯದ ಮಧುಪಿಂಡಿಕ ಸುತ್ತದಲ್ಲಿ ಬುದ್ಧನ ಶಿಷ್ಯನಾದ ಹಿರಿಯ ಭಿಕ್ಷು ಮಹಾಕಚ್ಚಾನ ಈ ಎಚ್ಚರದ ಬಗೆಯನ್ನು ಬಿಡಿಸಿ ಹೇಳುತ್ತಾನೆ. ಮನುಷ್ಯ ಅನುಭವಿಸಿದ್ದನ್ನು ಗುರುತಿಸುತ್ತಾನೆ, ಗುರುತಿಸಿದ್ದನ್ನು ಯೋಚಿಸುತ್ತಾನೆ, ಯೋಚಿಸಿದ್ದನ್ನು ಹಬ್ಬಿಸುತ್ತಾನೆ. ಆಮೇಲೆ ಹಬ್ಬಿದ್ದೇ ಅವನನ್ನು ಮುತ್ತುತ್ತದೆ. 2025ರ ಜೂನ್ 23ರಂದು ಇರಾನ್ ಕತಾರಿನಲ್ಲಿ ಅಮೆರಿಕದ ಸೇನೆಯಿರುವ ಅಲ್ ಉದೈದ್ ನೆಲೆಯತ್ತ ಕ್ಷಿಪಣಿ ಹಾರಿಸಿದ ಸಂದರ್ಭದಲ್ಲಿ ಕತಾರ್ ತನ್ನ ವಾಯುಪ್ರದೇಶವನ್ನು ಮುಚ್ಚಿತು, ಕೆಲವು ಗಂಟೆಗಳಲ್ಲಿ ಮತ್ತೆ ತೆರೆಯಿತು. ತಿಳಿದ ಸಂಗತಿ ಇಷ್ಟೇ. ಆದರೆ ಅಂದು ಕರಾವಳಿಯ ಎಷ್ಟೋ ಮನೆಗಳಲ್ಲಿ ಮನಸ್ಸು ಈ ಸಂಗತಿಯಿಂದ ಎಲ್ಲಿಗೆ ಹೋಗಿರಬಹುದು ಎಂಬುದು ನಿಮಗೇ ಗೊತ್ತು: ವಿಮಾನವಿಲ್ಲ, ಅವನು ಬರಲಾರ, ಕಂಪನಿ ಮುಚ್ಚುತ್ತದೆ, ಮನೆ ಸಾಲ ಉಳಿಯುತ್ತದೆ, ಅಮ್ಮನಿಗೆ ಏನೆಂದು ಹೇಳುವುದು. ಸಲ್ಲತ್ಥ ಸುತ್ತದಲ್ಲಿ ಬುದ್ಧ ಹೇಳುವ ಎರಡನೆಯ ಬಾಣ ಇದೇ. ಮೊದಲನೆಯ ಬಾಣ ಸುದ್ದಿಯದು. ಎರಡನೆಯದನ್ನು ನಾವೇ ಹೂಡಿಕೊಳ್ಳುತ್ತೇವೆ. ಹೀಗಾದಾಗ ಒಂದು ಕಾಗದ ತೆಗೆದುಕೊಂಡು, ತಿಳಿದಿರುವುದನ್ನು ಒಂದು ಕಡೆ, ಊಹಿಸಿಕೊಂಡದ್ದನ್ನು ಇನ್ನೊಂದು ಕಡೆ ಬರೆಯಿರಿ. ಶಿಕ್ಷಕಿಯಾದ ನಿಮಗೆ ಇದು ಕಷ್ಟವಾಗದು. ಆಮೇಲೆ ಚಾನೆಲ್ ಬದಲು ತಮ್ಮನಿಗೇ ಫೋನ್ ಮಾಡಿ, ಊಟವಾಯಿತೇ ಎಂದು ಕೇಳಿ.

ಸತಿಯನ್ನು ಬುದ್ಧ ಗಡಿನಾಡಿನ ಪಟ್ಟಣವೊಂದರ ಬಾಗಿಲು ಕಾಯುವವನಿಗೆ ಹೋಲಿಸಿದ್ದಾನೆ. ದೇಹವೆಂಬ ಪಟ್ಟಣಕ್ಕೆ, ಮನಸ್ಸೂ ಸೇರಿ, ಇಂದ್ರಿಯಗಳ ಆರು ಬಾಗಿಲು. ಕಾವಲುಗಾರ ಜಾಣ, ಗುರುತಿಲ್ಲದವರನ್ನು ತಡೆಯುತ್ತಾನೆ, ಗುರುತಿದ್ದವರನ್ನು ಬಿಡುತ್ತಾನೆ. ಈ ಸುತ್ತದಲ್ಲಿ ನನಗೆ ಮುಖ್ಯವೆನಿಸುವುದು ಮುಂದಿನ ಭಾಗ: ದೂರದಿಂದ ಜೋಡಿ ದೂತರು ಬರುತ್ತಾರೆ, ಒಡೆಯನೆಲ್ಲಿ ಎಂದು ಕೇಳುತ್ತಾರೆ, ಕಾವಲುಗಾರ ದಾರಿ ತೋರಿಸುತ್ತಾನೆ, ಅವರು ಇದ್ದದ್ದನ್ನು ಇದ್ದ ಹಾಗೆ ಒಡೆಯನಿಗೆ ಒಪ್ಪಿಸಿ ಹೋಗುತ್ತಾರೆ. ಆ ದೂತರು ಸುತ್ತದಲ್ಲಿ ಶಮಥ (ಮನಸ್ಸಿನ ಶಾಂತಿ) ಮತ್ತು ವಿಪಶ್ಯನಾ (ಒಳನೋಟ); ಸುದ್ದಿಗೆ ಇದನ್ನು ಅನ್ವಯಿಸುತ್ತಿರುವವನು ನಾನು. ಆದರೂ ಬಾಗಿಲು ಕಾಯುವುದೆಂದರೆ ಬಾಗಿಲು ಮುಚ್ಚಿಡುವುದಲ್ಲ ಎಂಬುದು ಇಲ್ಲಿ ಖಚಿತ.

ಯಾರನ್ನು ಒಳಗೆ ಬಿಡಬೇಕು ಎಂಬುದಕ್ಕೆ ಕಾಲಾಮ ಸುತ್ತದಷ್ಟು ನೇರವಾದ ಮಾರ್ಗದರ್ಶನ ಇನ್ನೊಂದಿಲ್ಲ. ಕೇಸಪುತ್ತವೆಂಬ ಊರಿಗೆ ಒಬ್ಬರಾದ ಮೇಲೆ ಒಬ್ಬರು ಉಪದೇಶಕರು ಬಂದು ತಮ್ಮ ಮಾತನ್ನು ಹೊಗಳಿಕೊಂಡು ಉಳಿದವರ ಮಾತನ್ನು ಹಳಿದು ಹೋಗುತ್ತಿದ್ದರು. ಯಾರನ್ನು ನಂಬುವುದೆಂದು ತಿಳಿಯದೆ ಅಲ್ಲಿನ ಕಾಲಾಮರು ಬುದ್ಧನನ್ನು ಕೇಳಿದರು. ಸಂಜೆಯ ಚಾನೆಲ್ ಚರ್ಚೆ ನೋಡಿದವರಿಗೆ ಅವರ ಗೊಂದಲ ಚೆನ್ನಾಗಿ ಅರ್ಥವಾಗುತ್ತದೆ. ಕೇಳಿಬಂದಿದೆ ಎಂಬ ಮಾತ್ರಕ್ಕೆ ಒಪ್ಪಬೇಡಿ, ಗಾಳಿಸುದ್ದಿಯಾಗಿ ಬಂತೆಂದು ಒಪ್ಪಬೇಡಿ, ಹೇಳುವವನು ಯೋಗ್ಯನಂತೆ ಕಾಣುತ್ತಾನೆಂದು ಒಪ್ಪಬೇಡಿ ಎಂದು ಬುದ್ಧ ಹತ್ತು ಆಧಾರಗಳನ್ನು ಪಟ್ಟಿ ಮಾಡುತ್ತಾನೆ. ತರ್ಕವೊಂದನ್ನೇ ನಂಬಿ ಎಂದು ಈ ಸುತ್ತ ಹೇಳುತ್ತದೆಂದು ಬಹಳ ಜನ ತಿಳಿದಿದ್ದಾರೆ, ಆದರೆ ಬರೀ ತರ್ಕವೂ ಆ ಪಟ್ಟಿಯಲ್ಲಿದೆ. ನಮ್ಮ ಕಾಲಕ್ಕೆ ಅತ್ಯಂತ ಅಗತ್ಯವಾದದ್ದು ಇನ್ನೊಂದು: ನೀವು ಈಗಾಗಲೇ ಒಪ್ಪಿರುವ ಅಭಿಪ್ರಾಯಕ್ಕೆ ಹೊಂದುತ್ತದೆ ಎಂಬ ಕಾರಣಕ್ಕೂ ಒಪ್ಪಬೇಡಿ. ಪಟ್ಟಿ ಮುಗಿಸಿ ಬುದ್ಧ ಕೇಳುವ ಪ್ರಶ್ನೆ ಒಳಗಿನದು: ದ್ವೇಷ ಹುಟ್ಟಿದಾಗ ಅದು ಮನುಷ್ಯನ ಹಿತಕ್ಕೋ ಅಹಿತಕ್ಕೋ?

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹೈದರಾಬಾದಿನಿಂದ ಬಂದಿದ್ದ ಯುವಕರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ವೇಗವಾಗಿ ಓಡಿತು. ಗುಂಪು ಮುಗಿಬಿದ್ದು ಒಬ್ಬ ಯುವಕ ಸತ್ತ. ಆ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳ ಬಗೆಗಿನ ಭಯದಿಂದಲೇ ಕಳುಹಿಸಿರಬೇಕು ಎಂದು ನಾನು ಭಾವಿಸುತ್ತೇನೆ. ಎದೆ ಬಿಗಿದದ್ದಕ್ಕೂ ‘ಫಾರ್ವರ್ಡ್’ ಒತ್ತಿದ್ದಕ್ಕೂ ನಡುವಿನ ಸಂದಿಯಲ್ಲಿ ಒಬ್ಬ ಮನುಷ್ಯನ ಜೀವವಿತ್ತು. ಸತಿ ನಿಮ್ಮ ಮನಶ್ಶಾಂತಿಗಷ್ಟೇ ಸಂಬಂಧಿಸಿದ್ದಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಎದೆ ಬಿಗಿದಿರುವಾಗ ಯಾವುದನ್ನೂ ಫಾರ್ವರ್ಡ್ ಮಾಡುವುದಿಲ್ಲ ಎಂಬ ಒಂದೇ ನಿಯಮವನ್ನಾದರೂ ಇಂದೇ ಹಾಕಿಕೊಳ್ಳಿ.

ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತ ಹೇಗೆ ಉಬ್ಬುತ್ತದೆಂಬುದಕ್ಕೆ ಧಮ್ಮಪದದ ಅಟ್ಠಕಥೆಯಲ್ಲಿ (ಹಳೆಯ ವ್ಯಾಖ್ಯಾನದಲ್ಲಿ) ರೋಹಿಣೀ ನದಿಯ ಕಥೆಯಿದೆ. ಕಾವೇರಿಯ ಸುದ್ದಿಗಳನ್ನು ಕೇಳುತ್ತಲೇ ಬೆಳೆದ ನಮಗೆ ಅದು ದೂರದ ಕಥೆಯಲ್ಲ. ಶಾಕ್ಯರು ಮತ್ತು ಕೋಲಿಯರು ಒಂದೇ ಕಟ್ಟೆಯ ನೀರಿನಿಂದ ಬೇಸಾಯ ಮಾಡುತ್ತಿದ್ದರು. ಬೇಸಿಗೆಯಲ್ಲಿ ಪೈರು ಬಾಡತೊಡಗಿದಾಗ ನೀರು ತಮಗೇ ಬೇಕೆಂದು ಎರಡೂ ಕಡೆಯ ಆಳುಗಳು ಜಗಳವಾಡಿದರು, ಹೊಡೆದಾಡಿದರು, ಜಗಳದ ಬಿರುಸಿಗೆ ಪರಸ್ಪರರ ರಾಜವಂಶಗಳನ್ನೇ ಹೀನಾಯವಾಗಿ ಬೈದರು. ಆಳುಗಳು ಅಧಿಕಾರಿಗಳಿಗೆ, ಅಧಿಕಾರಿಗಳು ರಾಜಮನೆತನಕ್ಕೆ ತಿಳಿಸಿದರು. ಮೇಲೆ ಹೋಗುವಷ್ಟರಲ್ಲಿ ನೀರು ಮರೆಯಾಗಿ ಬೈಗುಳ ಮಾತ್ರ ಉಳಿದಿತ್ತು. ಎರಡೂ ಕಡೆಯವರು ಆಯುಧ ಹಿಡಿದು ಹೊರಟಾಗ ಬುದ್ಧ ಬಂದು ಜಗಳ ಯಾವುದಕ್ಕೆ ಎಂದು ಕೇಳುತ್ತಾನೆ. ರಾಜರಿಗೆ ಗೊತ್ತಿಲ್ಲ. ಸೇನಾಪತಿಗೂ ಗೊತ್ತಿಲ್ಲ. ಕೇಳುತ್ತ ಕೇಳುತ್ತ ಕೊನೆಗೆ ಆಳುಗಳನ್ನು ಕೇಳಿದಾಗಲಷ್ಟೇ ‘ನೀರಿಗೆ’ ಎಂಬ ಉತ್ತರ ಬರುತ್ತದೆ. ನೀರಿನ ಬೆಲೆಯೆಷ್ಟು, ಕ್ಷತ್ರಿಯರ ಜೀವದ ಬೆಲೆಯೆಷ್ಟು ಎಂಬ ಅವನ ಮುಂದಿನ ಪ್ರಶ್ನೆ ಪ್ರಸಿದ್ಧವಾಗಿದೆ. ನನಗೆ ಅದಕ್ಕಿಂತ ಹೆಚ್ಚಿನದೆನಿಸುವುದು ಆತ ಸುದ್ದಿಯನ್ನು ಹಿಮ್ಮುಖವಾಗಿ ಅದರ ಮೂಲದವರೆಗೆ ಹಿಡಿದುಕೊಂಡು ಹೋದ ತಾಳ್ಮೆ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸು ಲಾರಿಗಳಿಗೆ ಬೆಂಕಿ ಬಿದ್ದಾಗ, ಎರಡೂ ರಾಜ್ಯಗಳ ಹಲ್ಲೆಯ ವಿಡಿಯೊಗಳು ಫೋನಿನಿಂದ ಫೋನಿಗೆ ಹರಿದಾಡಿದವು. ಜಲಾಶಯದಲ್ಲಿ ಎಷ್ಟು ನೀರಿದೆ ಎಂದು ವಿಚಾರಿಸಿದವರು ಎಷ್ಟು ಮಂದಿ ಇದ್ದರು? ಈ ಕಥೆ ಇನ್ನೊಂದನ್ನೂ ಹೇಳುತ್ತದೆ: ಸುದ್ದಿ ತಿಳಿದ ಬುದ್ಧ ವಿಹಾರದಲ್ಲಿ ಧ್ಯಾನಕ್ಕೆ ಕೂರಲಿಲ್ಲ, ನದಿಗೇ ಬಂದು ಎರಡು ಸೇನೆಗಳ ನಡುವೆ ಕಾಣಿಸಿಕೊಂಡ.

ನೋಡದೆ ಇದ್ದರೆ ಮನುಷ್ಯತ್ವವಿಲ್ಲದವಳಾಗುತ್ತೇನೆ ಎಂಬ ಆತಂಕ ನಿಮ್ಮ ಪತ್ರದಲ್ಲಿ ಅಡಗಿದೆ, ಅದನ್ನು ನಾನು ಗೌರವಿಸುತ್ತೇನೆ. ಐದನೆಯ ಶತಮಾನದ ಬುದ್ಧಘೋಷ ವಿಸುದ್ಧಿಮಗ್ಗದಲ್ಲಿ ಮೈತ್ರಿ, ಕರುಣೆ, ಮುದಿತಾ (ಪರರ ಸುಖಕ್ಕೆ ಸಂತೋಷಪಡುವುದು), ಸಮಚಿತ್ತ ಎಂಬ ನಾಲ್ಕು ಬ್ರಹ್ಮವಿಹಾರಗಳಿಗೆ, ಅಂದರೆ ಮನಸ್ಸಿನ ಶ್ರೇಷ್ಠ ನೆಲೆಗಳಿಗೆ, ದೂರದ ಶತ್ರು ಒಂದು, ಹತ್ತಿರದ ಶತ್ರು ಒಂದು ಎಂದು ಹೇಳುತ್ತಾನೆ. ಕರುಣೆಯ ದೂರದ ಶತ್ರು ಕ್ರೌರ್ಯ. ಹತ್ತಿರದ ಶತ್ರು, ಕರುಣೆಯಂತೆಯೇ ತೋರುವ ಶೋಕ. ಸಮಚಿತ್ತದ ಹತ್ತಿರದ ಶತ್ರು, ಏನೂ ಅರಿಯದವನ ನಿರ್ಲಕ್ಷ್ಯ. ಇವೆರಡನ್ನು ಒಟ್ಟಿಗೆ ನೆನಪಿಡಿ. ಗಾಜಾದ ಮಗುವೊಂದರ ಚಿತ್ರ ನೋಡಿ ಮಧ್ಯರಾತ್ರಿಯವರೆಗೆ ಅತ್ತು, ಮರುದಿನ ತರಗತಿಯಲ್ಲಿ ಸಣ್ಣ ತಪ್ಪಿಗೆ ವಿದ್ಯಾರ್ಥಿಗಳ ಮೇಲೆ ರೇಗಿದರೆ, ಆ ಅಳುವಿನಿಂದ ಆ ಮಗುವಿಗೂ ಏನೂ ದಕ್ಕಲಿಲ್ಲ, ನಿಮ್ಮ ಎದುರಿನ ಮಕ್ಕಳಿಗೂ ಏನೂ ದಕ್ಕಲಿಲ್ಲ. ಕರುಣೆಗೆ ಕೈಕಾಲುಗಳಿರಬೇಕು. ಮನಸ್ಸನ್ನು ತುಂಬ ಕಲಕಿದ ಸುದ್ದಿಯೊಂದನ್ನು ಆರಿಸಿಕೊಳ್ಳಿ. ಅದಕ್ಕೆ ನಿಮ್ಮಿಂದಾಗುವ ಒಂದು ಕೆಲಸ ಮಾಡಿ: ನಂಬಿಕಸ್ಥ ಪರಿಹಾರ ನಿಧಿಗೆ ಸಣ್ಣ ಮೊತ್ತ, ಜನಪ್ರತಿನಿಧಿಗೆ ಒಂದು ಪತ್ರ, ಅಥವಾ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಒಂದು ಹೊತ್ತಿನ ಅಡುಗೆ. ಉಳಿದವುಗಳಿಗಾಗಿ ಕೆಲವು ನಿಮಿಷ ಮೈತ್ರಿ ಭಾವನೆ ಮಾಡಿ, ಅಂದರೆ ಅಲ್ಲಿರುವವರಿಗೆ ಒಳಿತಾಗಲಿ ಎಂದು ಮನಸಾರೆ ಹಾರೈಸಿ. ಆಮೇಲೆ ಅವುಗಳನ್ನು ಬಿಡುವ ಹಕ್ಕು ನಿಮಗಿದೆ. ವಿಯೆಟ್ನಾಂ ಯುದ್ಧದ ನಡುವೆ, 1960ರ ದಶಕದಲ್ಲಿ, ಅಲ್ಲಿನ ಬೌದ್ಧ ಭಿಕ್ಷು ಥಿಚ್ ನ್ಹಾತ್ ಹಾನ್ ತರುಣರನ್ನು ಒಟ್ಟುಗೂಡಿಸಿ ಬಾಂಬಿಗೆ ಸಿಕ್ಕಿದ ಹಳ್ಳಿಗಳನ್ನು ಮತ್ತೆ ಕಟ್ಟುವ ಕೆಲಸ ಮಾಡಿಸಿದರು. ಅವರಿಗೆ ಉಸಿರಿನ ಮೇಲಿನ ಗಮನವೂ ಆ ಕೆಲಸವೂ ಬೇರೆ ಬೇರೆಯಾಗಿರಲಿಲ್ಲ.

ಬೆಳಿಗ್ಗೆ ಹದಿನೈದು ಇಪ್ಪತ್ತು ನಿಮಿಷ ಕೂತು ಉಸಿರನ್ನು ಗಮನಿಸುವ ರೂಢಿಯನ್ನು, ಫೋನ್ ಮುಟ್ಟುವ ಮೊದಲೇ, ಬೆಳೆಸಿಕೊಳ್ಳಿ. ಕೂತು ಕಲಿಯದೆ ಸುದ್ದಿಯ ಬಿರುಸಿನ ನಡುವೆ ಸತಿ ನೆನಪಿಗೆ ಬರುವುದು ಕಷ್ಟ. ಹತ್ತು ದಿನಗಳ ವಿಪಶ್ಯನಾ ಶಿಬಿರಗಳಲ್ಲಿ ಫೋನ್, ಪತ್ರಿಕೆ, ಮಾತು ಎಲ್ಲವೂ ನಿಷಿದ್ಧ, ಅಲ್ಲಿ ಕಲಿಕೆ ಆಳವಾಗಿ ಆಗುತ್ತದೆ. ಆದರೆ ಈಗಿನ ನಿಮ್ಮ ಆತಂಕದ ಸ್ಥಿತಿಯಲ್ಲಿ ನೇರವಾಗಿ ಅಂಥ ಶಿಬಿರಕ್ಕೆ ಹೋಗುವುದನ್ನು ನಾನು ಸೂಚಿಸುವುದಿಲ್ಲ. ಮೊದಲು ಮನೆಯಲ್ಲಿ ಕೆಲವು ತಿಂಗಳು ನೆಲೆ ಕಂಡುಕೊಳ್ಳಿ. ನಿದ್ದೆ ಕೆಡುವುದು ವಾರಗಟ್ಟಲೆ ಮುಂದುವರಿದರೆ, ಎದೆ ಹೊಡೆದುಕೊಳ್ಳುವುದು ಅಥವಾ ಬದುಕೇ ಬೇಡವೆನ್ನಿಸುವುದು ಇದ್ದರೆ ಧ್ಯಾನವನ್ನು ಚಿಕಿತ್ಸೆಯೆಂದು ತಿಳಿಯದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಾವನವರ ಟಿ.ವಿ.ಯ ವಿಷಯ ಉಳಿಯಿತು. ಅವರಿಗೆ ಸತಿಯ ಪಾಠ ಹೇಳಲು ಹೋಗಬೇಡಿ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಚಾನೆಲ್ ಒಂದು ಜೊತೆಯೂ ಹೌದು. ಸತಿಪಟ್ಠಾನ ಸುತ್ತ ಒಳಗನ್ನು ಮಾತ್ರವಲ್ಲ, ಹೊರಗನ್ನೂ ಗಮನಿಸಲು ಹೇಳುತ್ತದೆ: ನಿರೂಪಕ ಕಿರುಚುವುದು ಕೇಳಿದಾಗ, ‘ಇದು ದ್ವೇಷವಿರುವ ಚಿತ್ತ’ ಎಂದು ಗುರುತಿಸಿ ನಿಮ್ಮ ಕೆಲಸಕ್ಕೆ ಮರಳಿ, ಆ ದನಿಯನ್ನು ನಿಮ್ಮದಾಗಿಸಿಕೊಳ್ಳಬೇಕಾಗಿಲ್ಲ. ರಾತ್ರಿ ಊಟದ ಹೊತ್ತಿಗೆ ಮಾತ್ರ, ‘ಮಾವ, ಊಟ ಮುಗಿಯುವ ತನಕ ಟಿ.ವಿ. ಬಂದ್ ಮಾಡಲೇ? ಇವತ್ತಿನ ಸುದ್ದಿ ಏನೆಂದು ನೀವೇ ಹೇಳಿ’ ಎಂದು ಕೇಳಿ ನೋಡಿ. ಅವರು ಹೇಳುವಾಗ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ, ಮತ್ತು ಮಲಗುವ ಕೋಣೆಗೆ ಹೋಗುವ ಮೊದಲು ನಿಮ್ಮ ಫೋನನ್ನು ಅಡುಗೆಮನೆಯಲ್ಲೇ ಚಾರ್ಜಿಗೆ ಹಾಕಿ. ತಮ್ಮನ ಕರೆ ಬಂದರೆ ಕೇಳಿಸುವಂತೆ ರಿಂಗ್ ಮಾತ್ರ ಜೋರಾಗಿ ಇಟ್ಟಿರಿ.